ಹಳೆಯ ಅಂಕಪಟ್ಟಿಯೂ ಮುಂದಿನ ವಿದ್ಯಾಭ್ಯಾಸವೂ

ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯು ಕ್ರಮೇಣ ಕಾಲೇಜುಗಳ ಊರಾಗಿ ಪರಿಣಮಿಸಿತು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಬಹುಕಾಲದ ಮೇಲೆ 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸ್ವತಂತ್ರವಾದೊಂದು ವಿಶ್ವವಿದ್ಯಾನಿಲಯ, ಹೀಗೆ ಒಂದರ ಹಿಂದೊಂದು ವಿದ್ಯಾಸಂಸ್ಥೆಗಳು ತಲೆಯೆತ್ತಿದ ಈ ಊರಿನಲ್ಲಿಯೂ, ತುಂಗಭದ್ರೆಯ ದಡದ ಹರಿಹರದಲ್ಲಿಯೂ, ಪದವಿಯನ್ನು ಪಡೆದ ತರುಣ ತರುಣಿಯರಲ್ಲಿ ಬುದ್ಧಿಗೆ ಕೊರತೆಯಿಲ್ಲದವರಾಗಿದ್ದು, ಮುಂದೆ ಓದಬೇಕೆಂಬ ಹಂಬಲವನ್ನೂ ಹೊತ್ತಿದ್ದು, ಮಾರ್ಕ್ಸ್ ಕಾರ್ಡಿನ ಒಂದೆರಡು ಸಾಲುಗಳ ನೆನಪಾದೊಡನೆಯೇ ಆ ಹಂಬಲವನ್ನು ಕೈಬಿಡುವವರ ಸಂಖ್ಯೆ ಅಲ್ಪವೇನಲ್ಲ. ಎರಡನೆಯ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಉಳಿಯಿತು, ಅದರ ದೆಸೆಯಿಂದ ಮುಂದೆ ಇಯರ್ ಬ್ಯಾಕ್ ಆಯಿತು, ಹೇಗೋ ಮುಗಿಸುವ ಹೊತ್ತಿಗೆ ಒಟ್ಟು ಶೇಕಡ 56ಕ್ಕೆ ನಿಂತಿತು, ಇನ್ನು ನಮಗೆಲ್ಲಿಯ ಎಂ.ಎಸ್., ಎಲ್ಲಿಯ ಪಿಎಚ್.ಡಿ. ಎಂಬ ಮಾತು ಈ ಊರುಗಳ ಮನೆಗಳಲ್ಲಿ ಅಪರೂಪವಲ್ಲ.

ಈ ನಿರಾಶೆಗೆ ಅಂಕಗಳ ಕೊರತೆ ಎಷ್ಟು ಕಾರಣವೋ, ಪ್ರವೇಶದ ವಿಧಾನವನ್ನು ಕುರಿತ ತಿಳಿವಳಿಕೆಯ ಕೊರತೆಯೂ ಅಷ್ಟೇ ಕಾರಣವೆಂಬುದು ನನ್ನ ಅಭಿಪ್ರಾಯ. ಉನ್ನತ ವ್ಯಾಸಂಗದ ಪ್ರವೇಶಗಳಲ್ಲಿ ಎರಡು ಬಗೆಗಳುಂಟು. ನಿಯಮಕ್ಕೆ ಅಧೀನವಾದದ್ದು ಒಂದು. ಅಲ್ಲಿ ಗೊತ್ತಾದೊಂದು ಅಂಕದ ಗೆರೆಯಿದ್ದು, ಅದರ ಮೇಲಿರುವವನನ್ನು ಒಳಗೆ ಬಿಡುವುದೂ ಕೆಳಗಿರುವವನನ್ನು ಹಿಂದಿರುಗಿಸುವುದೂ ಗಣಕಯಂತ್ರದ ಕೆಲಸ. ವಿವೇಚನೆಗೆ ಅಧೀನವಾದದ್ದು ಮತ್ತೊಂದು. ಅಲ್ಲಿ ನಾಲ್ಕಾರು ಮಂದಿ ಪ್ರಾಧ್ಯಾಪಕರು ಕುಳಿತು, ಅಂಕಪಟ್ಟಿಯನ್ನೂ ಪತ್ರಗಳನ್ನೂ ಓದಿ, ಈ ವ್ಯಕ್ತಿ ನಮ್ಮಲ್ಲಿ ಓದಿ ಮುಗಿಸಬಲ್ಲನೇ ಎಂದು ತಮ್ಮ ತಮ್ಮಲ್ಲಿ ವಿಚಾರಿಸುತ್ತಾರೆ. ಮೊದಲನೆಯದರ ಮುಂದೆ ವಿವರಣೆ ನಿಷ್ಫಲ. ಎರಡನೆಯದರ ಮುಂದೆ ಮೌನ ಅಪಾಯಕರ. ಇವೆರಡನ್ನೂ ಗೊಂದಲಗೊಳಿಸಿಕೊಂಡವರೇ ಹೆಚ್ಚಾಗಿ ಕಾಲವನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ.

ನಿಯಮದ ಗೆರೆ

ನಮ್ಮ ದೇಶದಲ್ಲಿ ನಿಯಮಾಧೀನ ಪ್ರವೇಶವೇ ಪ್ರಧಾನವಾದುದು. ಕರ್ನಾಟಕದ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿಜಿಸಿಇಟಿ ಪರೀಕ್ಷೆಯ ಮೂಲಕ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಸೀಟುಗಳನ್ನು ಅಪೇಕ್ಷಿಸುವವರು ಪದವಿಯಲ್ಲಿ ಒಟ್ಟು ಶೇಕಡ 50ನ್ನು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ಕ್ಕೆ ಸೇರಿದವರು ಶೇಕಡ 45ನ್ನು ಪಡೆದಿರಬೇಕು. ಸುರತ್ಕಲ್ಲಿನದೂ ಸೇರಿದಂತೆ ಎನ್‌ಐಟಿಗಳಲ್ಲಿ ಎಂ.ಟೆಕ್. ಸೀಟನ್ನು ಹಂಚುವ ಸಿಸಿಎಂಟಿ ವ್ಯವಸ್ಥೆಯು ಸಾಮಾನ್ಯ ವರ್ಗಕ್ಕೆ ಶೇಕಡ 60 ಅಥವಾ 6.5 ಸಿಜಿಪಿಎಯನ್ನೂ, ಪರಿಶಿಷ್ಟ ವರ್ಗಗಳಿಗೂ ಅಂಗವಿಕಲರಿಗೂ ಶೇಕಡ 55 ಅಥವಾ 6.0 ಸಿಜಿಪಿಎಯನ್ನೂ ಕೇಳುತ್ತದೆ. ಆದರೆ ಆ ಸೀಟುಗಳ ಆಯ್ಕೆಗೆ ಆಧಾರವಾದ ಗೇಟ್ ಪರೀಕ್ಷೆಗೆ ಕುಳಿತುಕೊಳ್ಳುವುದಕ್ಕೆ ಕನಿಷ್ಠ ಅಂಕವೆಂಬುದೇ ಇಲ್ಲ. ಅದರ ಅಂಕ ಮೂರು ವರ್ಷಗಳ ಕಾಲ ಚಲಾವಣೆಯಲ್ಲಿರುತ್ತದೆ. ಹೀಗಿರುವುದರಿಂದ ಶೇಕಡ 60ರ ಗೆರೆಯನ್ನು ಕಷ್ಟದಿಂದ ದಾಟಿದವನೂ ಗೇಟ್‌ನಲ್ಲಿ ಉತ್ತಮ ಅಂಕ ಪಡೆದನಾದರೆ, ಶೇಕಡ 85 ಪಡೆದು ಗೇಟ್‌ನಲ್ಲಿ ಹಿಂದುಳಿದವನಿಗಿಂತ ಮುಂದಾಗುತ್ತಾನೆ. ಗೆರೆಯನ್ನು ದಾಟಿದ ಮೇಲೆ ಆ ಕ್ರಮದಲ್ಲಿ ಎಣಿಕೆಗೆ ಬರುವುದು ಗೇಟ್ ಅಂಕವೇ. ಗೇಟ್‌ನಲ್ಲಿ ಅರ್ಹರಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಉಂಟು.

ಕಲೆ, ವಾಣಿಜ್ಯ, ವಿಜ್ಞಾನಗಳ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ, ಆದರೆ ಬಹುಮಂದಿ ಗಮನಿಸದ ಒಂದು ಸಂಗತಿಯಿದೆ. ಕಾಲೇಜು ಅಧ್ಯಾಪಕತ್ವಕ್ಕೂ ಸಂಶೋಧನಾ ವೇತನಕ್ಕೂ ದಾರಿಯಾದ ಯುಜಿಸಿ ನೆಟ್ ಪರೀಕ್ಷೆಯು ವಿಚಾರಿಸುವುದು ಬಿ.ಎ., ಬಿ.ಎಸ್ಸಿ. ಅಂಕಗಳನ್ನಲ್ಲ; ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55, ಮೀಸಲಾತಿಯುಳ್ಳ ವರ್ಗಗಳಿಗೆ ಶೇಕಡ 50. 2022ರ ಯುಜಿಸಿಯ ಪಿಎಚ್.ಡಿ. ನಿಯಮಾವಳಿಯೂ ಎಂ.ಎ., ಎಂ.ಎಸ್ಸಿ.ಗಳಲ್ಲಿ ಕೇಳುವುದು ಅಷ್ಟನ್ನೇ. ಆದಕಾರಣ ಪದವಿಯಲ್ಲಿ ಶೇಕಡ 48 ಪಡೆದವಳೊಬ್ಬಳು ಅದಕ್ಕೆ ತಕ್ಕ ಕಡೆ ಎಂ.ಎ. ಸೇರಿ ಅಲ್ಲಿ ಶೇಕಡ 65 ಪಡೆದಳೆಂದರೆ, ಈ ಎರಡು ನಿಯಮಗಳ ಮಟ್ಟಿಗೆ ಅವಳ ಹಳೆಯ ಅಂಕಗಳು ಇಲ್ಲದಂತೆಯೇ ಸರಿ. 2024ರ ಜೂನ್‌ನಿಂದೀಚೆಗೆ ನೆಟ್‌ನ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ಏರ್ಪಾಡು ಬಂದಿದ್ದು, ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆಯದವರಿಗೆ ಪರೀಕ್ಷೆಯ ಅಂಕಕ್ಕೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ತೂಕವನ್ನು ಗೊತ್ತುಪಡಿಸಲಾಗಿದೆ; ಈ ಲೆಕ್ಕದಲ್ಲಿಯೂ ಪದವಿಯ ಅಂಕಗಳಿಗೆ ಸ್ಥಾನವಿಲ್ಲ. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್.ಡಿ.ಗೆ ಹೋಗಬಯಸುವವರಿಗೆ ಮಾತ್ರ ಶೇಕಡ 75ರ ಗೆರೆಯುಂಟು. ಅದಿಲ್ಲದವರು ಸ್ನಾತಕೋತ್ತರದ ಮೂಲಕವೇ ಬರಬೇಕು.

ಗೆರೆಯೆಂದರೆ ಗೆರೆಯೇ. ನೆಟ್‌ನ ಪ್ರಕಟಣೆಯಲ್ಲಿ, ಅಂಕವನ್ನು ಪೂರ್ಣಾಂಕಕ್ಕೆ ಏರಿಸಿ ಎಣಿಸುವಂತಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿರುವಾಗ, 54.9ನ್ನು 55 ಎಂದು ಬರೆದು ಅರ್ಜಿ ಕಳುಹಿಸುವುದು ಮುಂದೆ ದಾಖಲೆ ಪರಿಶೀಲನೆಯ ದಿನದಂದು ಅಪಮಾನವನ್ನು ಆಹ್ವಾನಿಸಿದಂತೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದೇ ಜಾತಿಯ ಇನ್ನೊಂದು ತೊಡಕಿದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು, ಎಂದರೆ ಎಲ್ಲರೂ ವಿಟಿಯು ಎನ್ನುವುದು, 2018ರ ಸ್ಕೀಮಿನವರಿಗೆ ಗೊತ್ತುಪಡಿಸಿದ ಸೂತ್ರದಲ್ಲಿ ಸಿಜಿಪಿಎಯಿಂದ 0.75ನ್ನು ಕಳೆದು ಉಳಿದುದನ್ನು 10ರಿಂದ ಗುಣಿಸಬೇಕು. ಆ ಲೆಕ್ಕದಂತೆ 6.5 ಸಿಜಿಪಿಎ ಎಂಬುದು ಶೇಕಡ 57.5 ಆಗುತ್ತದೆಯೇ ಹೊರತು 65 ಆಗುವುದಿಲ್ಲ. ಶೇಕಡ 60 ಮುಟ್ಟಲು 6.75 ಬೇಕು. ಸ್ಕೀಮಿನಿಂದ ಸ್ಕೀಮಿಗೆ ಸೂತ್ರ ಬೇರೆಯಾಗುವುದರಿಂದ, ಪ್ರತಿಯೊಬ್ಬರೂ ತಮ್ಮ ಸ್ಕೀಮಿನ ನಿಯಮವನ್ನು ತಾವೇ ಓದಿಕೊಳ್ಳತಕ್ಕದ್ದು. ಗೆಳೆಯನ ಬಾಯಿಮಾತನ್ನು ನಂಬತಕ್ಕದ್ದಲ್ಲ.

ಇಷ್ಟನ್ನು ನೋಡಿಕೊಂಡ ಮೇಲೆ ಗೆರೆಯ ಕೆಳಗೆ ಉಳಿದವರು ಆ ಕಚೇರಿಗೆ ಮನವಿ ಬರೆಯುತ್ತ ಕೂಡಬಾರದು. ಗೆರೆ ತಗ್ಗಾಗಿರುವ ಅಥವಾ ಪ್ರವೇಶ ಪರೀಕ್ಷೆಗೇ ಪ್ರಾಧಾನ್ಯವಿರುವ ಸ್ನಾತಕೋತ್ತರ ಕೋರ್ಸನ್ನು ಹುಡುಕಿ, ಅಲ್ಲಿ ಹೊಸ ಅಂಕಪಟ್ಟಿಯೊಂದನ್ನು ಸಂಪಾದಿಸುವುದೇ ಅವರಿಗೆ ಉಳಿದಿರುವ, ಮತ್ತು ಸಾಕಷ್ಟು ಗೌರವಯುತವಾದ, ದಾರಿ.

ಓದುವವರು ಏನನ್ನು ಓದುತ್ತಾರೆ

ವಿವೇಚನಾಧೀನ ಪ್ರವೇಶ ಹೆಚ್ಚಾಗಿ ಕಾಣಬರುವುದು ವಿದೇಶಗಳಲ್ಲಿ. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನಾ ವಿಭಾಗಗಳಂಥ ಕಡೆ, ರಾಷ್ಟ್ರಮಟ್ಟದ ಪರೀಕ್ಷೆಯ ತರುವಾಯ ನಡೆಯುವ ಸಂದರ್ಶನಗಳಲ್ಲಿ ಅದರ ಅಂಶವಿದೆ. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು 4ಕ್ಕೆ 3 ಎಂಬ ಕನಿಷ್ಠ ಸರಾಸರಿಯನ್ನು ಹೇಳಿಕೊಂಡಿದ್ದರೂ, ಸಂಬಂಧಪಟ್ಟ ವಿಭಾಗವು ಒಬ್ಬ ಅಭ್ಯರ್ಥಿ ತನಗೆ ಬೇಕೆಂದು ಕಾರಣಸಹಿತವಾಗಿ ಕೇಳಿಕೊಂಡಾಗ ಅದನ್ನು ಸಡಿಲಿಸುವ ಅವಕಾಶವನ್ನೂ ಹಲವೆಡೆ ಇಟ್ಟುಕೊಂಡಿವೆ. ಆ ಕಾರಣವನ್ನು ವಿಭಾಗದ ಕೈಗೆ ಒದಗಿಸಿಕೊಡುವುದೇ ಅಭ್ಯರ್ಥಿಯ ಕಾರ್ಯ.

ಪ್ರಾಧ್ಯಾಪಕರು ಅಂಕಪಟ್ಟಿಯಲ್ಲಿ ಕಡೆಯ ಮೊತ್ತವನ್ನಷ್ಟೇ ನೋಡುತ್ತಾರೆಂಬುದು ತಪ್ಪು ಕಲ್ಪನೆ. ಅಂಕಗಳು ಎಲ್ಲಿ ಇಳಿದವು, ಎಲ್ಲಿ ಏರಿದವು, ಯಾವ ವಿಷಯದಲ್ಲಿ ಇಳಿದವು ಎಂಬುದನ್ನು ಅವರು ನೋಡುತ್ತಾರೆ. ಮೊದಲ ಎರಡು ಸೆಮಿಸ್ಟರುಗಳಲ್ಲಿ ಇಳಿದು ಆಮೇಲೆ ಏರುತ್ತ ಹೋದ ಅಂಕಪಟ್ಟಿಯು ತನ್ನ ಕಥೆಯನ್ನು ಅರ್ಧ ತಾನೇ ಹೇಳಿಕೊಳ್ಳುತ್ತದೆ. ಅದಕ್ಕೆ ನಾಲ್ಕು ವಾಕ್ಯಗಳ ಬೆಂಬಲ ಸಾಕು. ನಡುವೆ ಒಂದೇ ಸೆಮಿಸ್ಟರ್ ಕುಸಿದಿದ್ದರೆ ಕಾಯಿಲೆಯೋ ಸಾವೋ ಏನೋ ನಡೆದಿರಬೇಕೆಂದು ಓದುವವರೇ ಊಹಿಸುತ್ತಾರೆ; ನಿಜವಾದ ಕಾರಣವನ್ನು ನೀವು ಹೇಳದಿದ್ದರೆ ಅವರ ಊಹೆ ಎತ್ತ ಹೋಗುವುದೋ ತಿಳಿಯದು. ಕಷ್ಟವಾದದ್ದು ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾಗಿ ಶೇಕಡ 55ರ ಸುತ್ತ ಸುಳಿದ ಪಟ್ಟಿ. ಅದಕ್ಕೆ ವಿವರಣೆಯಿಂದ ಪ್ರಯೋಜನವಿಲ್ಲ, ಪದವಿಯಾದ ಮೇಲಿನ ಹೊಸ ಸಾಧನೆಯೊಂದೇ ಉತ್ತರ. ಅದಕ್ಕಿಂತಲೂ ಕಷ್ಟವಾದದ್ದು ಚೆನ್ನಾಗಿ ಆರಂಭವಾಗಿ ಕೊನೆಯ ವರ್ಷದಲ್ಲಿ ಇಳಿದದ್ದು. ಆಯ್ದುಕೊಂಡ ವಿಷಯಗಳನ್ನು ಓದುವ ಕಾಲದಲ್ಲಿಯೇ ಆಸಕ್ತಿ ಕುಂದಿತೆಂಬ ಸಂದೇಹಕ್ಕೆ ಅದು ಎಡೆಗೊಡುವುದರಿಂದ, ಅಂಥವರು ವಿವರಣೆಯನ್ನು ಎಂದಿಗೂ ಬಿಡಬಾರದು.

ಇಳಿದ ವಿಷಯ ಯಾವುದೆಂಬುದೂ ಮುಖ್ಯ. ಯಂತ್ರಕಲಿಕೆಯನ್ನು ಓದಹೊರಟವನ ಗಣಿತದಲ್ಲಿ 40 ಇದ್ದರೆ ಅದು ಪ್ರಶ್ನೆಗೆ ಒಳಗಾಗುತ್ತದೆ. ಅದೇ ವ್ಯಕ್ತಿಗೆ ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ 40 ಇದ್ದರೆ ಯಾರೂ ಕೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಕೇಳದೆ ಹೋಗಬಹುದಾದ ನ್ಯೂನತೆಯನ್ನು ತಾನಾಗಿ ಎತ್ತಿ ತೋರಿಸುವುದು ಪ್ರಾಮಾಣಿಕತೆಯಲ್ಲ, ಅವಿವೇಕ.

ಕಾರಣವನ್ನು ಹೇಳುವ ಬಗೆ

ಈ ಸೀಮೆಯ ವಿದ್ಯಾರ್ಥಿಗಳಿಗೆ ಬಹುಸಾಮಾನ್ಯವಾದ ಕಾರಣವೊಂದುಂಟು, ಅದನ್ನು ಹೇಳಿಕೊಳ್ಳಲು ಅವರೇ ನಾಚುತ್ತಾರೆ. ಎಸ್.ಎಸ್.ಎಲ್.ಸಿ.ವರೆಗೆ ಹರಿಹರದಲ್ಲಿಯೋ ಸುತ್ತಣ ಹಳ್ಳಿಯಲ್ಲಿಯೋ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನದಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಬಿದ್ದು, ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿ ವಿಷಯವನ್ನೂ ಭಾಷೆಯನ್ನೂ ಏಕಕಾಲಕ್ಕೆ ಕಲಿಯಬೇಕಾಗಿ ಬಂದವರ ಅಂಕಗಳು ಆ ವರ್ಷ ಇಳಿಯುವುದು ಸ್ವಾಭಾವಿಕ. ಪರದೇಶದ ಪ್ರಾಧ್ಯಾಪಕರಿಗೆ ಈ ವ್ಯವಸ್ಥೆಯ ಕಲ್ಪನೆಯೇ ಇರುವುದಿಲ್ಲ. ಇದರಲ್ಲಿ ಲಜ್ಜೆಪಡುವಂಥದ್ದೇನೂ ಇಲ್ಲ. ಒಂದು ಭಾಷೆಯಲ್ಲಿ ಹತ್ತು ವರ್ಷ ಓದಿ ಇನ್ನೊಂದರಲ್ಲಿ ಪದವಿ ಮುಗಿಸಿದುದು ಸಾಮರ್ಥ್ಯದ ಕುರುಹೇ ಆಗಿದೆ. ಆದರೆ ಈ ಕಾರಣವನ್ನು ಏಳನೆಯ ಸೆಮಿಸ್ಟರಿನ ಕುಸಿತಕ್ಕೆ ಹೇಳಿದರೆ ಯಾರೂ ಒಪ್ಪಲಾರರು. ಕಾರಣವೂ ಕಾಲವೂ ಪರಸ್ಪರ ಹೊಂದಬೇಕು.

ಸಂಸಾರದ ತೊಂದರೆಗಳೂ ಹೀಗೆಯೇ. 1941ರಲ್ಲಿ ಸ್ಥಾಪಿತವಾಗಿ ಹರಿಹರದ ಎಷ್ಟೋ ಮನೆಗಳಿಗೆ ಅನ್ನವಿಕ್ಕಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಶತಮಾನದ ತಿರುವಿನಲ್ಲಿ ನಿಂತುಹೋದಾಗ, ಕಾರ್ಮಿಕರ ಮಕ್ಕಳಲ್ಲಿ ಕಾಲೇಜಿನಲ್ಲಿದ್ದವರಿಗೆ ಓದಿನೊಡನೆ ದುಡಿಮೆಯೂ ತಲೆಗೆ ಬಂದುದು ಊರಿನವರಿಗೆ ಗೊತ್ತಿರುವ ವಿಚಾರ. ಅಂದು ಪದವಿ ಮುಗಿಸಿದವರೊಬ್ಬರು ಇಂದು ನಡುವಯಸ್ಸಿನಲ್ಲಿ ಮತ್ತೆ ಓದಲು ಅರ್ಜಿ ಹಾಕುವರಾದರೆ, ಅವರು ಕಾರ್ಖಾನೆಯ ಹೆಸರನ್ನೂ ಅದು ನಿಂತ ಕಾಲವನ್ನೂ ಒಂದು ವಾಕ್ಯದಲ್ಲಿ ಹೇಳಿದರಾಯಿತು. ಪರೀಕ್ಷಿಸಿ ನೋಡಬಹುದಾದ ಒಂದು ವಾಸ್ತವಾಂಶಕ್ಕೆ ಇರುವ ಬಲ ಹತ್ತು ವಾಕ್ಯಗಳ ಕರುಣಾರಸಕ್ಕೆ ಇರುವುದಿಲ್ಲ. ಅಲ್ಲದೆ ಇಪ್ಪತ್ತು ವರ್ಷ ಹಳೆಯದಾದ ಅಂಕಪಟ್ಟಿಗಿಂತ ಆ ಇಪ್ಪತ್ತು ವರ್ಷಗಳ ವೃತ್ತಿಜೀವನವೇ ಅಂಥವರ ಅರ್ಜಿಯಲ್ಲಿ ಹೆಚ್ಚು ಮಾತನಾಡುತ್ತದೆ.

ಉದಾಹರಣೆಗೆ, ಹರಿಹರದ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಂಡು ಅವಳ ವಿವರಣೆಯನ್ನು ಹೀಗೆ ಬರೆಯಬಹುದು: "ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎರಡನೆಯ ಸೆಮಿಸ್ಟರಿನ ನಡುವೆ ತಂದೆಯವರಿಗೆ ಪಾರ್ಶ್ವವಾಯು ತಗುಲಿದ್ದರಿಂದ ಎರಡು ತಿಂಗಳ ಕಾಲ ನಮ್ಮ ಕಿರಾಣಿ ಅಂಗಡಿಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಆ ಬಾರಿ ಗಣಿತ ಮತ್ತು ಮೆಕ್ಯಾನಿಕ್ಸ್ ಉಳಿದವು. ಮುಂದಿನ ಪರೀಕ್ಷೆಯಲ್ಲಿ ಎರಡನ್ನೂ ಮುಗಿಸಿದೆ. ಐದನೆಯ ಸೆಮಿಸ್ಟರಿನಿಂದ ಎಂಟನೆಯದರವರೆಗೆ ನನ್ನ ಸರಾಸರಿ 8.1. ಗಣಿತದ ತಳಹದಿಯನ್ನು ಭದ್ರಪಡಿಸಿಕೊಳ್ಳಲು ಅಂತರ್ಜಾಲದಲ್ಲಿ ಎನ್‌ಪಿಟಿಇಎಲ್‌ನ ಹನ್ನೆರಡು ವಾರಗಳ ಲೀನಿಯರ್ ಆಲ್ಜೀಬ್ರ ಕೋರ್ಸನ್ನು ಓದಿ 82 ಅಂಕ ಪಡೆದಿದ್ದೇನೆ." ಇಷ್ಟೇ. ಇಲ್ಲಿ ವಿಲಾಪವಿಲ್ಲ, ಯಾರ ಮೇಲೂ ದೂಷಣೆಯಿಲ್ಲ. ಕಾರಣಕ್ಕೆ ಎರಡು ವಾಕ್ಯಗಳಾದರೆ ಪರಿಹಾರಕ್ಕೆ ಮೂರು ವಾಕ್ಯಗಳಿವೆ. ಇದನ್ನು ಬರೆಯುವ ಸ್ಥಳವೂ ವಿಚಾರಾರ್ಹ. ಅರ್ಜಿಯಲ್ಲಿ ಹೆಚ್ಚಿನ ಮಾಹಿತಿಗೆಂದು ಬೇರೆ ಜಾಗವಿದ್ದರೆ ಅಲ್ಲಿ, ಇಲ್ಲವಾದರೆ ಎಸ್‌ಒಪಿ ಎಂದು ಕರೆಯುವ ಉದ್ದೇಶಪತ್ರದ ಕೊನೆಯ ಭಾಗದಲ್ಲಿ. ಉದ್ದೇಶಪತ್ರದ ಆರಂಭದಲ್ಲಿ ಏನನ್ನು ಓದಬೇಕೆಂದಿರುವಿರಿ, ಅದಕ್ಕೆ ಈವರೆಗೆ ಏನು ಮಾಡಿರುವಿರಿ ಎಂಬುದೇ ಬರಬೇಕು. ಮೊದಲ ಪ್ಯಾರಾದಲ್ಲಿಯೇ ತಪ್ಪೊಪ್ಪಿಗೆಗೆ ತೊಡಗಿದವರನ್ನು ಓದುವವರು ಆ ತಪ್ಪಿನಿಂದಲೇ ಗುರುತಿಸುತ್ತಾರೆ. ಅರ್ಜಿ ಇಂಗ್ಲಿಷಿನಲ್ಲಿ ಹೋಗತಕ್ಕದ್ದಾದರೂ, ಈ ಐದಾರು ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಬರೆದು ಮನೆಯವರಿಗೆ ಓದಿ ತೋರಿಸುವುದು ಒಳ್ಳೆಯದು. ಉತ್ಪ್ರೇಕ್ಷೆಯಿದ್ದರೆ ತಾಯಿಯೇ ಹಿಡಿದುಬಿಡುತ್ತಾಳೆ.

ಮೌಲ್ಯಮಾಪನ ಸರಿಯಿರಲಿಲ್ಲ, ಅಧ್ಯಾಪಕರು ಸರಿಯಾಗಿ ಪಾಠ ಮಾಡಲಿಲ್ಲ, ಪ್ರಶ್ನೆಪತ್ರಿಕೆ ಕಠಿಣವಾಗಿತ್ತು ಎಂಬ ಮಾತುಗಳು, ಒಂದು ವೇಳೆ ನಿಜವೇ ಆಗಿದ್ದರೂ, ಬರವಣಿಗೆಯಲ್ಲಿ ಬರಕೂಡದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ನಮ್ಮಲ್ಲಿ ಮಾತ್ರವಲ್ಲ, ಪ್ರವೇಶ ಸಮಿತಿಯ ಮನಸ್ಸಿನಲ್ಲಿಯೂ ಇರುತ್ತದೆ. ಫಲಿತಾಂಶ ಅನ್ಯಾಯವೆಂದು ತೋರಿದರೆ ಉತ್ತರಪತ್ರಿಕೆಯ ನಕಲು ಪ್ರತಿಯನ್ನು ತರಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಕಾಶವಿದ್ದುದು ಆ ದಿನಗಳಲ್ಲಿಯೇ. ಅದನ್ನು ಬಿಟ್ಟವರು ವರ್ಷಗಳಾದ ಮೇಲೆ ದೂರುವುದರಲ್ಲಿ ಅರ್ಥವಿಲ್ಲ. ಇನ್ನು ಕಾಯಿಲೆಯೂ ಇಲ್ಲ, ಕಷ್ಟವೂ ಇಲ್ಲ, ಆ ವರ್ಷ ಓದಲಿಲ್ಲವಷ್ಟೆ ಎಂಬವರು ಇಲ್ಲದ ಕಾಯಿಲೆಯನ್ನು ಸೃಷ್ಟಿಸಿಕೊಳ್ಳಬಾರದು. ಮೊದಲ ವರ್ಷ ಓದಿಗೆ ಸಲ್ಲಬೇಕಾದ ಗಮನವನ್ನು ಸಲ್ಲಿಸಲಿಲ್ಲ, ಮೂರನೆಯ ಸೆಮಿಸ್ಟರಿನಿಂದ ತಿದ್ದಿಕೊಂಡೆ, ಅದರ ಫಲ ಅಂಕಪಟ್ಟಿಯಲ್ಲಿದೆ ಎಂದು ಹೇಳುವ ಧೈರ್ಯವುಳ್ಳವರ ಬಗೆಗೆ ಓದುವವರಿಗೆ ಗೌರವವೇ ಹುಟ್ಟುತ್ತದೆ.

ಇಂಥ ಸಂದರ್ಭಗಳಲ್ಲಿ ಶ್ರೀನಿವಾಸ ರಾಮಾನುಜನ್ನರ ಹೆಸರನ್ನು ಎತ್ತದವರಿಲ್ಲ. ಕುಂಭಕೋಣದಲ್ಲಿಯೂ ಮದರಾಸಿನಲ್ಲಿಯೂ ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿ, ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಬರೆದರು, ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯವೇ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನವನ್ನು ಕೊಟ್ಟಿತು ಎಂಬುದು ಇತಿಹಾಸ. ನಪಾಸಾದವರಿಗೆ ಸಾಂತ್ವನವಾಗಿ ಈ ಕಥೆಯನ್ನು ಹೇಳುವವರು, ಆ ಪತ್ರದ ಜೊತೆಯಲ್ಲಿ ಪುಟ ಪುಟಗಳ ಪ್ರಮೇಯಗಳಿದ್ದುವೆಂಬುದನ್ನು ಹೇಳುವಾಗ ಅವಸರಪಡುತ್ತಾರೆ. ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲವೆಂಬುದನ್ನು ರಾಮಾನುಜನ್ ಮುಚ್ಚಿಡಲಿಲ್ಲ, ಅದರ ಮೇಲೆ ಕಣ್ಣೀರನ್ನೂ ಸುರಿಸಲಿಲ್ಲ. ಪತ್ರದ ಭಾರವೆಲ್ಲ ಬಿದ್ದುದು ಲಗತ್ತಿನ ಮೇಲೆ.

ಲಗತ್ತಿನ ಪ್ರಶ್ನೆ

ನಮ್ಮ ನಿಮ್ಮಂಥವರ ಲಗತ್ತು ಪ್ರಮೇಯಗಳಾಗಿರಬೇಕಾಗಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ನಾಲ್ಕು, ಎಂಟು, ಹನ್ನೆರಡು ವಾರಗಳ ಕೋರ್ಸುಗಳಿವೆ. ಪಾಠಕ್ಕೆ ಶುಲ್ಕವಿಲ್ಲ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಮಾತ್ರ ಶುಲ್ಕವುಂಟು. ವಾರದ ಅಸೈನ್‌ಮೆಂಟುಗಳಿಗೆ ಶೇಕಡ 25, ಪರೀಕ್ಷೆಗೆ ಶೇಕಡ 75 ಅಂಕ. ಹಿಂದೆ ಬಿದ್ದ ವಿಷಯವನ್ನೇ ಆರಿಸಿಕೊಂಡು ಅಲ್ಲಿ 75ಕ್ಕೆ ಮೇಲೆ ಪಡೆಯುವುದು, ನನ್ನ ದೃಷ್ಟಿಯಲ್ಲಿ, ಸಾಧಾರಣ ಸಂಸಾರದ ವಿದ್ಯಾರ್ಥಿಯೊಬ್ಬನಿಗೆ ಲಭ್ಯವಿರುವ ಅತ್ಯಂತ ಕಡಿಮೆ ವೆಚ್ಚದ ಪುರಾವೆ. ಗೇಟ್ ಅಂಕವೂ ವಿದೇಶದ ಅರ್ಜಿಯಲ್ಲಿ ನಮೂದಿಸತಕ್ಕ ಸಂಗತಿಯೇ. ಅಮೆರಿಕಕ್ಕೆ ಹೋಗಬಯಸುವವರಿಗೆ ಜಿಆರ್‌ಇ ಪರೀಕ್ಷೆ ಈಗ ಬಹಳ ಕಡೆ ಐಚ್ಛಿಕವಾಗಿದೆ. ಆದರೆ ಅಂಕ ಕಡಿಮೆಯಿರುವವರು ಐಚ್ಛಿಕವಾದುದನ್ನು ಬಿಡಬಾರದು. ಗಣಿತ ಭಾಗದಲ್ಲಿ 170ಕ್ಕೆ 165ರ ಮೇಲೆ ಬಂದರೆ ಎರಡನೆಯ ಸೆಮಿಸ್ಟರಿನ ಗಣಿತದ ಮಾತು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ದುಡ್ಡು ತೆಗೆದುಕೊಂಡು ವಾರದೊಳಗೆ ಲೇಖನ ಪ್ರಕಟಿಸುವ ನಿಯತಕಾಲಿಕೆಗಳ ಸುದ್ದಿಗೆ ಮಾತ್ರ ಹೋಗಬೇಡಿ. ಅಂಥ ಲೇಖನಗಳ ಬೆಲೆಯನ್ನು ಓದುವವರು ಬಲ್ಲರು.

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮ ಕಾಲೇಜುಗಳ ಪದ್ಧತಿ ಶೋಚನೀಯವೆನ್ನಬೇಕು. "ನೀನೇ ಬರ್ಕೊಂಡ್ ಬಾರಪ್ಪ, ಸೈನ್ ಮಾಡ್ಕೊಡ್ತೀನಿ" ಎಂದು ಸರ್ ಹೇಳುತ್ತಾರೆ, ಶಿಷ್ಯ ಅಂತರ್ಜಾಲದಿಂದ ಒಂದನ್ನು ಇಳಿಸಿಕೊಳ್ಳುತ್ತಾನೆ, ಮೂವರು ಅಧ್ಯಾಪಕರ ಪತ್ರಗಳೂ ಒಂದೇ ಶೈಲಿಯಲ್ಲಿ ಹೋಗುತ್ತವೆ. ಅಂಕ ಕಡಿಮೆಯಿರುವವನಿಗೆ ಇದರಿಂದಾಗುವ ನಷ್ಟ ಇತರರಿಗಿಂತ ಹೆಚ್ಚು. ಏಕೆಂದರೆ ಅವನ ಸಾಮರ್ಥ್ಯಕ್ಕೆ ಅಂಕಪಟ್ಟಿಯ ಹೊರಗಿನ ಸಾಕ್ಷಿ ಅಧ್ಯಾಪಕರೊಬ್ಬರೇ. ನೀವು ಬಿದ್ದ ವಿಷಯವನ್ನು ಕಲಿಸಿದವರೇ, ಆಮೇಲೆ ನೀವು ಸುಧಾರಿಸಿಕೊಂಡುದನ್ನು ಕಂಡವರಾಗಿದ್ದರೆ, ಅವರ ಒಂದು ಪತ್ರ ವಿಭಾಗದ ಮುಖ್ಯಸ್ಥರ ಮೂರು ಪತ್ರಗಳಿಗೆ ಸಮ. ಅವರಲ್ಲಿಗೆ ಹೋಗುವಾಗ ಮಾರ್ಕ್ಸ್ ಕಾರ್ಡುಗಳ ಪ್ರತಿ, ಪ್ರಾಜೆಕ್ಟಿನ ಸಾರಾಂಶ, ಹಾಕುತ್ತಿರುವ ಅರ್ಜಿಗಳ ಪಟ್ಟಿ ಮತ್ತು ಗಡುವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಪತ್ರವನ್ನು ಅವರೇ ಬರೆಯುವಂತೆ ವಿನಯದಿಂದ ಕೇಳಿಕೊಳ್ಳಬೇಕು.

ಕಾಗದಪತ್ರಗಳ ವ್ಯವಹಾರ

ಟ್ರಾನ್ಸ್‌ಕ್ರಿಪ್ಟ್ ಪಡೆಯುವ ವ್ಯವಹಾರದಲ್ಲಿ ದಾವಣಗೆರೆಯವರಿಗೆ ಒಂದು ವಿಶೇಷ ತೊಡಕುಂಟು. ಊರು ಒಂದೇ ಆದರೂ ಪದವಿ ಕೊಟ್ಟ ವಿಶ್ವವಿದ್ಯಾನಿಲಯ ಕಾಲಕಾಲಕ್ಕೆ ಬದಲಾಗಿದೆ. ಪದವಿಪತ್ರದ ಮೇಲೆ ಕುವೆಂಪು ವಿಶ್ವವಿದ್ಯಾನಿಲಯದ ಹೆಸರಿರುವವರು ಶಂಕರಘಟ್ಟಕ್ಕೆ, ದಾವಣಗೆರೆ ವಿಶ್ವವಿದ್ಯಾನಿಲಯದ ಹೆಸರಿರುವವರು ಶಿವಗಂಗೋತ್ರಿಗೆ, 1998ರಲ್ಲಿ ವಿಟಿಯು ಸ್ಥಾಪನೆಯಾದ ಮೇಲೆ ಅದರಡಿ ಇಂಜಿನಿಯರಿಂಗ್ ಓದಿದವರು ಬೆಳಗಾವಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಓದಿದ ಕಾಲೇಜು ಮನೆಯ ಪಕ್ಕದಲ್ಲಿದೆಯೆಂದು ನಂಬಿ ಕೊನೆಯ ವಾರದವರೆಗೆ ಕುಳಿತವರು ಪರದಾಡುತ್ತಾರೆ. ಬ್ಯಾಕ್ ಇದ್ದವರು ಪ್ರತಿಯೊಂದು ಪ್ರಯತ್ನದ ಮಾರ್ಕ್ಸ್ ಕಾರ್ಡನ್ನೂ ಇಟ್ಟುಕೊಂಡಿರತಕ್ಕದ್ದು. ಪಾಸಾದ ಕಾರ್ಡನ್ನಷ್ಟೇ ಕಳುಹಿಸಿ ಫೇಲಾದುದನ್ನು ಮರೆಮಾಡುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬಾರದು. ಡಬ್ಲ್ಯೂಇಎಸ್‌ನಂಥ ಮೌಲ್ಯನಿರ್ಣಯ ಸಂಸ್ಥೆಗಳಿಗೆ ವಿಶ್ವವಿದ್ಯಾನಿಲಯವೇ ನೇರವಾಗಿ ದಾಖಲೆಗಳನ್ನು ಒದಗಿಸುತ್ತದೆ. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್ 1ರಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದ್ದು, ಅಂಕಪಟ್ಟಿಗಳ ನೈಜತೆಯನ್ನು ಪರೀಕ್ಷಿಸುವುದೇ ಅದರ ಕೆಲಸ.

ಜರ್ಮನಿಯ ಲೆಕ್ಕವನ್ನು ಮನೆಯಲ್ಲಿಯೇ ಮಾಡಿನೋಡಬಹುದು. ಅಲ್ಲಿ 1 ಅತ್ಯುತ್ತಮ, 4 ಉತ್ತೀರ್ಣತೆಯ ಅಂಚು. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಗರಿಷ್ಠದಿಂದ ಉತ್ತೀರ್ಣತೆಯ ಕನಿಷ್ಠವನ್ನು ಕಳೆದ ಮೊತ್ತದಿಂದ ಅದನ್ನು ಭಾಗಿಸಿ, 3ರಿಂದ ಗುಣಿಸಿ, 1ನ್ನು ಕೂಡಿಸಬೇಕು. ಗರಿಷ್ಠ 10, ಕನಿಷ್ಠ 4 ಎಂದು ಹಿಡಿದರೆ 6.5 ಸಿಜಿಪಿಎ 2.75 ಆಗುತ್ತದೆ, 7.0 ಸರಿಯಾಗಿ 2.5 ಆಗುತ್ತದೆ. ಹಲವು ಸ್ನಾತಕೋತ್ತರ ಕೋರ್ಸುಗಳ ಗೆರೆ ಈ 2.5ರಲ್ಲಿರುವುದರಿಂದ, ಅರ್ಜಿಯ ಶುಲ್ಕ ಕಟ್ಟುವುದಕ್ಕೆ ಮೊದಲೇ ಈ ಲೆಕ್ಕ ಮಾಡಿಕೊಳ್ಳುವುದು ಲೇಸು. ಅದೇ 6.5ನ್ನು ಶೇಕಡ 57.5 ಎಂದು ಪರಿವರ್ತಿಸಿ, 40ನ್ನು ಕನಿಷ್ಠವೆಂದು ಹಿಡಿದು ಲೆಕ್ಕ ಹಾಕಿದರೆ 3.1ಕ್ಕೂ ಮಿಗಿಲಾಗುತ್ತದೆಂಬುದು ವಿಚಿತ್ರವಾದರೂ ನಿಜ. ಎರಡರಲ್ಲಿ ಯಾವುದನ್ನು ಹಿಡಿಯುತ್ತಾರೆಂದು ಆಯಾ ವಿಶ್ವವಿದ್ಯಾನಿಲಯಕ್ಕೇ ಮಿಂಚಂಚೆ ಬರೆದು ಕೇಳಬೇಕು.

ಕನ್ಸಲ್ಟೆನ್ಸಿಗಳ ವಿಷಯವಾಗಿ ಒಂದೇ ಮಾತು. ವೀಸಾ ಅರ್ಜಿ ತುಂಬುವುದಕ್ಕೂ ಬ್ಯಾಂಕ್ ಸಾಲದ ಕಾಗದಗಳಿಗೂ ಅವರಿಂದ ಸಹಾಯ ದೊರೆಯುವುದುಂಟು. ಆದರೆ ಇಪ್ಪತ್ತು ಮಂದಿಗೆ ಒಂದೇ ಉದ್ದೇಶಪತ್ರವನ್ನು ಹೆಸರು ಬದಲಿಸಿ ಕೊಡುವವರಿಂದ ನಿಮ್ಮ ಎರಡನೆಯ ಸೆಮಿಸ್ಟರಿನ ಕಥೆಯನ್ನು ಬರೆಸಿಕೊಂಡರೆ, ಸಂದರ್ಶನದಲ್ಲಿ ಪ್ರಾಧ್ಯಾಪಕರು ಅದನ್ನೇ ಕೇಳಿದಾಗ ನೀವು ತಬ್ಬಿಬ್ಬಾಗುವುದು ನಿಶ್ಚಯ. ಆ ಪ್ರಶ್ನೆಗೆ ಉತ್ತರ ಅರ್ಧ ನಿಮಿಷವನ್ನು ಮೀರಬಾರದು: ಹೌದು, ಆ ವಿಷಯ ಉಳಿದಿತ್ತು, ಕಾರಣ ಇದು, ಆಮೇಲೆ ಹೀಗೆ ಸರಿಪಡಿಸಿಕೊಂಡೆ, ಬೇಕಾದರೆ ಅದರಲ್ಲಿಯೇ ಪ್ರಶ್ನೆ ಕೇಳಿ. ಕೊನೆಯ ಮಾತನ್ನು ಹೇಳುವವರು ನಿಜವಾಗಿಯೂ ಓದಿಕೊಂಡು ಹೋಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಾಲದ ಲೆಕ್ಕ ಹೀಗಿದೆ. ಗೇಟ್‌ಗೆ ಅರ್ಜಿ ಆಗಸ್ಟ್ ಸೆಪ್ಟೆಂಬರಿನ ಸುಮಾರಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ನೆಟ್ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ. ಅಮೆರಿಕದ ಬಹುಪಾಲು ವಿಭಾಗಗಳ ಗಡುವು ಡಿಸೆಂಬರ್ ಜನವರಿಗಳಲ್ಲಿ ಬೀಳುತ್ತದೆ. ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಸಾಮಾನ್ಯವಾಗಿ ಜುಲೈ 15. ಎನ್‌ಪಿಟಿಇಎಲ್‌ನ ಕೋರ್ಸುಗಳು ಜನವರಿ ಮತ್ತು ಜುಲೈಗಳಲ್ಲಿ ಆರಂಭವಾಗುತ್ತವೆ. ಆದುದರಿಂದ ಬರುವ ವರ್ಷ ಅರ್ಜಿ ಹಾಕಬೇಕೆಂದಿರುವವರು ಅದಕ್ಕೆ ಮೊದಲಿನ ಜುಲೈ ತಿಂಗಳಲ್ಲಿಯೇ ಹಿಂದೆ ಬಿದ್ದ ವಿಷಯದ ಕೋರ್ಸಿಗೆ ಹೆಸರು ನೋಂದಾಯಿಸಿ, ಅದೇ ವಾರದಲ್ಲಿ ಟ್ರಾನ್ಸ್‌ಕ್ರಿಪ್ಟಿಗೂ ಅರ್ಜಿ ಕೊಟ್ಟುಬಿಡಿ.